ಸಣ್ಣ ಮನೆ, ಹತ್ತಿರದ ಉದ್ಯಾನ: ಬೆಳಗಾವಿಯ ಹೊರಬಡಾವಣೆಯಲ್ಲಿ ನನ್ನ ಅನುಭವ

ಶಹಾಪುರದ ಓಣಿಯೊಂದರಲ್ಲಿ ಬಾಡಿಗೆಗಿದ್ದ ನಾವು ಸ್ವಂತ ಮನೆಯ ವಿಚಾರ ಮಾಡಿದಾಗ, ಕೈಲಿದ್ದ ಹಣ ಮತ್ತು ಬ್ಯಾಂಕು ಕೊಡುವ ಸಾಲ ಎರಡನ್ನೂ ಕೂಡಿಸಿದರೆ ಟಿಳಕವಾಡಿಯ ಕಡೆ ಹಳೆಯದೊಂದು ಸಣ್ಣ ಫ್ಲ್ಯಾಟು ಬರುತ್ತಿತ್ತು. ಇಲ್ಲವಾದರೆ ಊರ ಹೊರಗೆ, ಕಣಬರಗಿಯ ದಿಕ್ಕಿನಲ್ಲಿ, 30x40 ಅಡಿಯ ಪ್ಲಾಟು ಮತ್ತು ಅದರ ಮೇಲೆ ಎರಡು ಕೋಣೆಯ ಮನೆ. ನಾವು ಎರಡನೆಯದನ್ನು ಆರಿಸಿಕೊಂಡೆವು. ಬೆಲೆ ಕಡಿಮೆ ಎಂಬುದು ಒಂದು ಕಾರಣವಾದರೆ, ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದಕ್ಕಿಂತ ಹೆಚ್ಚು ಉದ್ಯಾನಗಳಿದ್ದವು ಎಂಬುದು ಅದಕ್ಕಿಂತ ದೊಡ್ಡ ಕಾರಣ. ಹಣ ಕಡಿಮೆ ಇರುವ ಕುಟುಂಬಕ್ಕೆ ಉದ್ಯಾನವು ಅಲಂಕಾರದ ವಸ್ತುವಲ್ಲ, ತಾನು ಕಟ್ಟಿಸಲಾರದ ಇನ್ನೊಂದು ಕೋಣೆ ಎಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬಿದ್ದೇನೆ. ಆದರೆ ಆ ಉದ್ಯಾನ ಕಾಗದದ ಮೇಲೆ ಭದ್ರವಾಗಿರಬೇಕು, ಅದರಲ್ಲಿ ನೆರಳಿರಬೇಕು, ನೀರಿನ ದಾರಿಯಿರಬೇಕು. ಈ ಮೂರನ್ನು ನಾವು ಹೇಗೆ ನೋಡಿಕೊಂಡೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಕಾಗದದ ಮಾತು. ನಮ್ಮ ಕಡೆ ಅತಿ ಅಗ್ಗಕ್ಕೆ ಸಿಗುವುದು ಗುಂಟೆ ಪ್ಲಾಟು. ಹೊಲವನ್ನು ಗುಂಟೆಗಳಾಗಿ ತುಂಡು ಮಾಡಿ, ಬಡಾವಣೆಯ ನಕ್ಷೆಗೆ ಮಂಜೂರಾತಿಯಿಲ್ಲದೆ ಮಾರುವ ಈ ಪ್ಲಾಟುಗಳ ಬೆಲೆ ಕಡಿಮೆಯಿರಲು ಕಾರಣ ಸರಳವಾಗಿದೆ: ಮಾರುವವರು ಅಗಲ ರಸ್ತೆಗಾಗಲಿ ಉದ್ಯಾನಕ್ಕಾಗಲಿ ಭೂಮಿ ಬಿಟ್ಟಿರುವುದಿಲ್ಲ. ಅದೇ, ನಗರಾಭಿವೃದ್ಧಿ ಪ್ರಾಧಿಕಾರವೇ ಬಡಾವಣೆ ಮಾಡುವುದಾದರೆ, 1987ರ ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಅಧಿನಿಯಮವು ಒಟ್ಟು ವಿಸ್ತೀರ್ಣದಲ್ಲಿ ಶೇಕಡಾ 15ಕ್ಕೆ ಕಡಿಮೆಯಿಲ್ಲದಂತೆ ಉದ್ಯಾನ ಮತ್ತು ಆಟದ ಮೈದಾನಗಳಿಗೆ, ಅದರ ಮೇಲೆ ಶೇಕಡಾ 10ಕ್ಕೆ ಕಡಿಮೆಯಿಲ್ಲದಂತೆ ನಾಗರಿಕ ಸೌಲಭ್ಯಗಳಿಗೆ ಜಾಗ ಕಾದಿರಿಸಬೇಕೆಂದು ಹೇಳಿತು. ಎಕರೆಗೆ 40 ಗುಂಟೆಯಂತೆ ಲೆಕ್ಕ ಹಾಕಿದರೆ, 10 ಎಕರೆಯ ಬಡಾವಣೆಯಲ್ಲಿ 60 ಗುಂಟೆ, ಅಂದರೆ ಒಂದೂವರೆ ಎಕರೆ ಉದ್ಯಾನವಾಗುತ್ತದೆ. ಪ್ಲಾಟಿನ ಬೆಲೆಯಲ್ಲಿ ಈ ಒಂದೂವರೆ ಎಕರೆಯ ಪಾಲೂ ಸೇರಿದೆ ಎಂದು ತಿಳಿದು ಹೋಲಿಸಿದರೆ, ಗುಂಟೆ ಪ್ಲಾಟು ಕಾಣುವಷ್ಟು ಅಗ್ಗವಲ್ಲ.

ಆದ್ದರಿಂದ ನಾವು ಪ್ಲಾಟಿನ ಉತಾರ, ಅಂದರೆ ಭೂದಾಖಲೆಯ ಪ್ರತಿ, ಕೇಳುವ ಮೊದಲು ಬಡಾವಣೆಯ ಮಂಜೂರಾದ ನಕ್ಷೆ ಕೇಳುತ್ತಿದ್ದೆವು. “ಗಾರ್ಡನ್ ಆಮ್ಯಾಲ ಆಗ್ತದ್ರಿ ಸರ್, ಮೊದಲ ಪ್ಲಾಟ್ ಹಿಡೀರಿ” ಎಂದು ಹೇಳಿದ ಏಜೆಂಟರೂ ಇದ್ದರು. ನಕ್ಷೆಯಲ್ಲಿ ಉದ್ಯಾನವೆಂದು ಗುರುತಾದ ಜಾಗವನ್ನು ಕೈಯಲ್ಲಿ ನಕ್ಷೆ ಹಿಡಿದು, ಸುತ್ತಲಿನ ರಸ್ತೆ ಮತ್ತು ಪ್ಲಾಟು ನಂಬರುಗಳ ಆಧಾರದಿಂದ ನೆಲದ ಮೇಲೆ ಹುಡುಕುವುದು ನಮ್ಮ ಕ್ರಮವಾಗಿತ್ತು. ಖಾಸಗಿ ಬಡಾವಣೆಯಾದರೆ ಇನ್ನೊಂದು ಪ್ರಶ್ನೆ ಸೇರುತ್ತಿತ್ತು: ರಸ್ತೆ ಮತ್ತು ಉದ್ಯಾನದ ಜಾಗವನ್ನು ಮಾಲೀಕರು ಬರವಣಿಗೆಯಲ್ಲಿ ಬಿಟ್ಟುಕೊಟ್ಟಿದ್ದಾರೆಯೇ, ಇಲ್ಲವೇ ಅದು ಇನ್ನೂ ಅವರ ಹೆಸರಿನಲ್ಲೇ ಇದೆಯೇ? ಅವರ ಹೆಸರಿನಲ್ಲಿಯೇ ಇರುವ ಉದ್ಯಾನವನ್ನು ನಾನು ಉದ್ಯಾನವೆಂದು ಎಣಿಸುವುದಿಲ್ಲ.

ನೆರಳನ್ನು ನೋಡಲು ಏಪ್ರಿಲ್ ತಿಂಗಳ ಮಧ್ಯಾಹ್ನವೇ ಸರಿಯಾದ ಹೊತ್ತು. ಬೆಳಗಾವಿಯು ಘಟ್ಟದ ಸೆರಗಿನ ಎತ್ತರದ ಊರಾದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಯಾವ ಖಾಲಿ ಜಾಗವಾದರೂ ಹಸಿರಾಗಿಯೇ ಕಾಣುತ್ತದೆ; ಮಳೆಗಾಲದಲ್ಲಿ ಉದ್ಯಾನ ನೋಡಿ ಮೆಚ್ಚಿದವರು ಬೇಸಿಗೆಯಲ್ಲಿ ಅಲ್ಲಿ ಕೂಡಲಾರರು. ಗುಲ್‌ಮೊಹರ್ ಗಿಡಗಳಷ್ಟೇ ಇರುವ ಉದ್ಯಾನ ಮೇ ತಿಂಗಳಲ್ಲಿ ಹೂವಿನಿಂದ ಕೆಂಪಾದರೂ, ಬಿಸಿಲು ಏರುವ ಮಾರ್ಚಿನಲ್ಲಿ ಬೋಳಾಗಿರುತ್ತದೆ, ಮತ್ತು ಅದರ ಕೊಂಬೆಗಳು ಗಾಳಿಮಳೆಗೆ ಬೇಗ ಮುರಿಯುತ್ತವೆ. ಹೊಂಗೆಯ ನಡತೆ ಬೇರೆ. ಅದು ಎಲೆ ಉದುರಿಸಿದ ಸ್ವಲ್ಪ ದಿನಗಳಲ್ಲೇ ಚಿಗುರಿ, ಬೇಸಿಗೆಯ ಕಡು ಬಿಸಿಲಿನ ವಾರಗಳಿಗೆ ಸರಿಯಾಗಿ ದಟ್ಟ ನೆರಳು ಕೊಡುತ್ತದೆ. ನಾವು ಆರಿಸಿದ ಬಡಾವಣೆಯ ದೊಡ್ಡ ಉದ್ಯಾನದಲ್ಲಿ ಹೊಂಗೆ, ಬೇವು ಮತ್ತು ಕೆಲವು ನೇರಳೆ ಗಿಡಗಳು ಬೆಳೆದು ನಿಂತಿದ್ದವು, ಮತ್ತು ಅವುಗಳ ಕೆಳಗೆ ಮಧ್ಯಾಹ್ನದ ಹೊತ್ತಿನಲ್ಲಿಯೂ ಜನ ಕುಳಿತಿದ್ದರು. ನನಗೆ ಅದು ಬಣ್ಣ ಹಚ್ಚಿದ ಜಾರುಬಂಡಿಗಿಂತಲೂ ಕಾರಂಜಿಗಿಂತಲೂ ಹೆಚ್ಚು ಭರವಸೆ ಕೊಟ್ಟಿತು.

ಉದ್ಯಾನ ಹತ್ತಿರವಿದ್ದುದರಿಂದ ಮನೆಯ ಯೋಜನೆಯೂ ಬದಲಾಯಿತು. ದೊಡ್ಡ ಹಾಲ್ ಬೇಡವೆಂದೆವು, ಮೇಲಿನ ಮಹಡಿಯನ್ನು ಬಿಟ್ಟೆವು, ಸಾಲದ ಕಂತು ಇಳಿಯಿತು. ಮಕ್ಕಳು ಸಂಜೆ ಮನೆಯೊಳಗೆ ಇರುವುದೇ ಅಪರೂಪವಾಯಿತು. ಶಹಾಪುರದಲ್ಲಿ ಕಟ್ಟೆಯ ಮೇಲೆ ಕೂಡುವುದಕ್ಕೆ ರೂಢಿಯಾಗಿದ್ದ ನಮ್ಮ ತಾಯಿಯವರಿಗೆ ಇಲ್ಲಿಗೆ ಬಂದ ಹೊಸದರಲ್ಲಿ ಮಾತಿಗೆ ಜನರಿಲ್ಲವೆಂಬ ಬೇಸರವಿತ್ತು. ಹೊಂಗೆಯ ಕೆಳಗಿನ ಬೆಂಚು ಅವರಿಗೆ ಕನ್ನಡ ಮಾತನಾಡುವ ಗೆಳತಿಯರನ್ನೂ ಮರಾಠಿ ಮಾತನಾಡುವ ಗೆಳತಿಯರನ್ನೂ ಕೊಟ್ಟಿತು. ಊರ ಹೊರಗಿರುವುದರ ಖರ್ಚೆಂದರೆ ಓಡಾಟ. ಅದರಲ್ಲಿಯೂ ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾದ ಮೇಲೆ, ಕೆಲಸಕ್ಕೆ ಸಿಟಿ ಬಸ್ಸಿನಲ್ಲಿ ಹೋಗುವ ನನ್ನ ಪತ್ನಿಯ ಪ್ರಯಾಣದ ಖರ್ಚು ಇಲ್ಲವಾಗಿದೆ. ರಾತ್ರಿ ಹೊತ್ತಿನಲ್ಲಿ ಬಸ್ಸು ವಿರಳ, ಆಸ್ಪತ್ರೆಗೆ ಊರೊಳಗೇ ಹೋಗಬೇಕು. ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡೇ ಬರಬೇಕು.

ಇನ್ನು ನೀರು. ರಾಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ ನಗರಕ್ಕೆ ಬರುವ ಕುಡಿಯುವ ನೀರನ್ನು ಉದ್ಯಾನಕ್ಕೆ ಹಾಯಿಸಬೇಕೆಂದು ಕೇಳುವುದು ನ್ಯಾಯವಲ್ಲ. ನಮ್ಮ ಬಡಾವಣೆಯಲ್ಲಿ ಹುಲ್ಲುಹಾಸು ಹಾಕಬೇಕೆಂಬ ಬೇಡಿಕೆ ಎದ್ದಾಗ ನಾವು ಕೆಲವರು ಕುಳಿತು ಲೆಕ್ಕ ಮಾಡಿದೆವು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರು. 10 ಗುಂಟೆ ಅಂದರೆ ಸುಮಾರು 1000 ಚದರ ಮೀಟರು. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರಿನಷ್ಟು ಕೊಡುವುದಾದರೂ 5000 ಲೀಟರು, ಅಂದರೆ ದಿನವೂ ಒಂದು ಟ್ಯಾಂಕರು ಬೇಕು. ಅಷ್ಟೇ ನೀರನ್ನು ಗಿಡವೊಂದಕ್ಕೆ 20 ಲೀಟರಿನಂತೆ ಕೊಟ್ಟರೆ 250 ಎಳೆಯ ಗಿಡಗಳಿಗೆ ಸಾಕಾಗುತ್ತದೆ, ಅದೂ ದಿನವೂ ಬೇಕಿಲ್ಲ. ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿದ ಮೇಲೆ ಹುಲ್ಲುಹಾಸಿನ ಮಾತು ನಿಂತಿತು.

ಗಿಡ ಹಚ್ಚುವುದನ್ನು ನಾವು ಮೊದಲ ಹದ ಮಳೆಯಾದ ಕೂಡಲೇ ಮುಗಿಸುತ್ತೇವೆ. ಆಗಸ್ಟಿಗೆ ಹಚ್ಚಿದ ಗಿಡಕ್ಕೆ ಬೇರು ಇಳಿಸಲು ಸಾಕಷ್ಟು ಮಳೆಗಾಲ ಉಳಿಯುವುದಿಲ್ಲ. ನಿಜವಾದ ಕೆಲಸವಿರುವುದು ಮುಂದಿನ ಎರಡು ಬೇಸಿಗೆಗಳಲ್ಲಿ. ಗಿಡದ ಪಕ್ಕದಲ್ಲಿ ತಳಕ್ಕೆ ಸಣ್ಣ ತೂತು ಮಾಡಿದ ಮಣ್ಣಿನ ಗಡಿಗೆಯನ್ನು ಕುತ್ತಿಗೆವರೆಗೆ ಹೂತು, ಅದರಲ್ಲಿ ನೀರು ತುಂಬಿ ಮುಚ್ಚುತ್ತೇವೆ. ನೀರು ಬೇರಿನ ಬಳಿ ನಿಧಾನವಾಗಿ ಇಳಿಯುತ್ತದೆ, ಬಿಸಿಲಿಗೆ ಆರುವುದಿಲ್ಲ. ಪ್ರತಿ ಗಿಡವನ್ನೂ ಹತ್ತಿರದ ಒಂದು ಮನೆಗೆ ವಹಿಸಿಕೊಟ್ಟಿದ್ದೇವೆ, ಮತ್ತು ಗಡಿಗೆ ತುಂಬುವ ಕೆಲಸವನ್ನು ಹೆಚ್ಚಾಗಿ ಶಾಲೆಯ ಮಕ್ಕಳೇ ಮಾಡುತ್ತಾರೆ. ನಡೆಯುವ ದಾರಿಗೆ ಕಾಂಕ್ರೀಟಿನ ಪೇವರ್ಸ್ ಬದಲು ಗರಸು ಹಾಕಿಸಿದ್ದೇವೆ. ಮಳೆಯ ನೀರು ಅಲ್ಲಿಯೇ ಇಂಗುತ್ತದೆ, ವಯಸ್ಸಾದವರಿಗೆ ಪಾಚಿಯ ಮೇಲೆ ಜಾರುವ ಭಯವೂ ಕಡಿಮೆ.

ಉದ್ಯಾನದ ಮೂಲೆಯಲ್ಲಿ ಒಂದು ಸಭಾಭವನ ಕಟ್ಟೋಣವೆಂಬ ಸಲಹೆ ಬಡಾವಣೆಯ ಕೆಲವು ಹಿರಿಯರಿಂದ ಬಂದಿತ್ತು. ಅವರ ಉದ್ದೇಶ ಒಳ್ಳೆಯದೇ ಆಗಿದ್ದರೂ ನಾನು ಅದನ್ನು ಒಪ್ಪಲಿಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಕಾದಿರಿಸಿದ ಜಾಗವನ್ನು ಆಸ್ಪತ್ರೆಗಾಗಿ ಖಾಸಗಿ ಟ್ರಸ್ಟೊಂದಕ್ಕೆ ಕೊಟ್ಟದ್ದನ್ನು ಅಲ್ಲಿಯ ನಿವಾಸಿಗಳು ಪ್ರಶ್ನಿಸಿದಾಗ, ಆ ಹಂಚಿಕೆ ಸಲ್ಲದೆಂದು ಸುಪ್ರೀಂ ಕೋರ್ಟ್ 1991ರಲ್ಲಿ ತೀರ್ಪು ನೀಡಿತು. ಉದ್ಯಾನಗಳನ್ನು ಕಾಪಾಡಲು ನಮ್ಮ ರಾಜ್ಯದಲ್ಲಿ 1985ರದೇ ಒಂದು ಪ್ರತ್ಯೇಕ ಅಧಿನಿಯಮವೂ ಇದೆ. ಆಸ್ಪತ್ರೆಗೇ ಸಲ್ಲದ ಜಾಗ ಸಭಾಭವನಕ್ಕೆ ಹೇಗೆ ಸಲ್ಲುತ್ತದೆ ಎಂದು ಸಭೆಯಲ್ಲಿ ವಿವರಿಸಿದಾಗ ಹಿರಿಯರು ಸಮಾಧಾನದಿಂದ ಕೇಳಿದರು. ಭವನಕ್ಕೆ ನಾಗರಿಕ ಸೌಲಭ್ಯದ ಜಾಗವನ್ನೇ ಕೇಳುವುದೆಂದು ತೀರ್ಮಾನವಾಯಿತು.

ಬಾಕಿಯಿರುವ ಕೆಲಸ ದೀಪದ್ದು. ಪೂರ್ವದ ಸಣ್ಣ ಉದ್ಯಾನದಲ್ಲಿ ಕತ್ತಲಾದ ಮೇಲೆ ಹೆಣ್ಣುಮಕ್ಕಳು ವಾಕಿಂಗಿಗೆ ಬರುವುದಿಲ್ಲ, ಬರದಿದ್ದರೆ ಅದು ಅರ್ಧ ಹೊತ್ತಿನ ಉದ್ಯಾನವಷ್ಟೇ ಆಗುತ್ತದೆ. ಕಂಬಗಳು ಎಲ್ಲೆಲ್ಲಿ ಬೇಕೆಂದು ಅವರನ್ನೇ ಕರೆದುಕೊಂಡು ಹೋಗಿ ಗುರುತು ಮಾಡಿ, ನಕ್ಷೆಯೊಂದಿಗೆ ಅರ್ಜಿ ಕೊಟ್ಟಿದ್ದೇವೆ. ಗಿಡದ ಕೊಂಬೆಗಳು ಬೆಳಕಿಗೆ ಅಡ್ಡ ಬಾರದಂತೆ ಕಂಬಗಳನ್ನು ಕಡಿಮೆ ಎತ್ತರದಲ್ಲಿ, ದಾರಿಯ ಅಂಚಿಗೇ ನಿಲ್ಲಿಸಬೇಕೆಂದು ಅದರಲ್ಲಿ ಕೇಳಿಕೊಂಡಿದ್ದೇವೆ.