ಹೆಲ್ಮೆಟ್ ವೈಸರ್‌ಗೆ ಯಾವ ಕ್ಲೀನರ್? ಬಾಟಲಿಯ ಹಿಂಬದಿ ಓದಿ ತಗೊಳ್ಳಿ

ವೈಸರ್ ಒರೆಸಲು ಯಾವ ಸ್ಪ್ರೇ ಒಳ್ಳೇದು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ವೈಸರ್ ಮೇಲೆ ಕೂತಿರುವುದು ಏನು? ಧೂಳಾ, ಹುಳವಾ, ಎಣ್ಣೆ ಜಿಡ್ಡಾ, ಬೋರ್‌ವೆಲ್ ನೀರಿನ ಬಿಳಿ ಕಲೆಯಾ? ಇದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಇನ್ನರ್ಧ ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ.

ನನ್ನದು ಬೀಜ, ಗೊಬ್ಬರ, ಕ್ರಿಮಿನಾಶಕದ ಅಂಗಡಿಗಳಿಗೆ ಸುತ್ತುವ ಕೆಲಸ. ಇರುವುದು ಹೊಸಪೇಟೆಯಲ್ಲಿ, ಓಡಾಟವೆಲ್ಲ ಬೈಕಿನಲ್ಲೇ. ಸಂಡೂರು, ತೋರಣಗಲ್ಲು ಕಡೆ ಹೋದರೆ ಅದಿರು ಲಾರಿಗಳ ಕೆಂಪು ಧೂಳು. ಕಂಪ್ಲಿ, ಗಂಗಾವತಿ ಕಡೆ ಹೋದರೆ ಭತ್ತದ ಗದ್ದೆಯ ಹುಳ. ಒಂದೇ ವೈಸರ್ ಎರಡನ್ನೂ ತಡೆದುಕೊಳ್ಳಬೇಕು. ಲೇಬಲ್ ಓದುವುದು ನನ್ನ ವೃತ್ತಿಯ ಅಭ್ಯಾಸ. ಹಾಗಾಗಿ ಕ್ಲೀನರ್ ವಿಷಯದಲ್ಲೂ ಅದನ್ನೇ ಮಾಡುತ್ತೇನೆ.

ಮೊದಲು ವೈಸರ್ ಬಗ್ಗೆ ಸ್ವಲ್ಪ. ಅದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಕಲ್ಲು ಬಡಿದರೂ ಸುಲಭಕ್ಕೆ ಒಡೆಯುವುದಿಲ್ಲ, ಬಗ್ಗುತ್ತದೆ. ಅದಕ್ಕೇ ಮುಖದ ಮುಂದೆ ಅದನ್ನು ಹಾಕುತ್ತಾರೆ. ಆದರೆ ಮೇಲ್ಮೈ ತುಂಬಾ ಮೆತ್ತಗೆ. ಗೀರು ಬೀಳದಿರಲಿ ಅಂತ ಹೊರಗಡೆ ತೆಳುವಾದ ಗಡಸು ಲೇಪ ಕೊಟ್ಟಿರುತ್ತಾರೆ. ಒಳಗಡೆ ಕೆಲವು ವೈಸರ್‌ಗಳಿಗೆ ಆಂಟಿ-ಫಾಗ್ ಲೇಪ ಇರುತ್ತದೆ. ನೀವು ಒರೆಸುವುದು ಈ ಎರಡು ಲೇಪಗಳನ್ನು. ಅವು ಹೋದ ಮೇಲೆ ಯಾವ ದುಬಾರಿ ಸ್ಪ್ರೇ ತಂದರೂ ವಾಪಸ್ ಬರುವುದಿಲ್ಲ.

ಅದಕ್ಕೇ ಕ್ಲೀನರ್‌ನಲ್ಲಿ ಏನಿದೆ ಅನ್ನೋದಕ್ಕಿಂತ ಏನಿಲ್ಲ ಅನ್ನೋದನ್ನು ನೋಡಬೇಕು.

ಅಮೋನಿಯಾ ಇರಬಾರದು. ಮನೆಯ ಕಿಟಕಿ, ಕನ್ನಡಿ ಒರೆಸುವ ಹಲವು ಸ್ಪ್ರೇಗಳಲ್ಲಿ ಅಮೋನಿಯಾ ಅಥವಾ ಆಲ್ಕೋಹಾಲ್ ಇರುತ್ತದೆ, ಕೆಲವದರಲ್ಲಿ ಎರಡೂ. ಗಾಜಿಗೆ ಅವು ಏನೂ ಮಾಡುವುದಿಲ್ಲ, ಕಾರಿನ ಮುಂದಿನ ಗಾಜಿಗೆ ಧಾರಾಳವಾಗಿ ಹಾಕಿ. ಪಾಲಿಕಾರ್ಬೊನೇಟ್‌ಗೆ ಮಾತ್ರ ಅಮೋನಿಯಾ ಆಗಿ ಬರುವುದಿಲ್ಲ. ಒಂದೇ ಸಲಕ್ಕೆ ಏನೂ ಕಾಣುವುದಿಲ್ಲ. ತಿಂಗಳುಗಟ್ಟಲೆ ಬಳಸಿದರೆ ವೈಸರ್ ಮಬ್ಬಾಗುತ್ತಾ ಹೋಗುತ್ತದೆ.

ಆಲ್ಕೋಹಾಲ್ ಬಗ್ಗೆ ಜನ ವಾದ ಮಾಡುತ್ತಾರೆ. ಬರೀ ಪಾಲಿಕಾರ್ಬೊನೇಟ್ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲನ್ನು ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತದೆ, ನಿಜ. ಆದರೆ ಒಳಗಿನ ಆಂಟಿ-ಫಾಗ್ ಲೇಪ ತಡೆಯುವುದಿಲ್ಲ, ಅಕ್ರಿಲಿಕ್ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನ ವಿಂಡ್‌ಸ್ಕ್ರೀನ್ ತಡೆಯುವುದಿಲ್ಲ. ಹ್ಯಾಂಡ್ ಸ್ಯಾನಿಟೈಸರ್‌ನಲ್ಲಿ ಬಹುಪಾಲು ಆಲ್ಕೋಹಾಲೇ. ಕನ್ನಡಕ ಒರೆಸುವ ಒದ್ದೆ ವೈಪ್‌ಗಳಲ್ಲೂ ಅನೇಕವಕ್ಕೆ ಅದನ್ನೇ ಹಾಕಿರುತ್ತಾರೆ. ಜೇಬಲ್ಲಿ ಸಿಕ್ಕಿತು ಅಂತ ಸುಮ್ನೆ ಉಜ್ಜಬೇಡಿ.

ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್, ಅಸಿಟೋನ್ ಹತ್ತಿರಕ್ಕೂ ಬರಬಾರದು. ಗ್ಯಾರೇಜಿನಲ್ಲಿ ಟಾರಿನ ಕಲೆ ಕಂಡರೆ ಬನಿಯನ್ ವೇಸ್ಟ್ ಪೆಟ್ರೋಲ್‌ನಲ್ಲಿ ಅದ್ದಿ ತಿಕ್ಕುವ ಅಭ್ಯಾಸ ಇದೆ. ಬೇಡ ಅಂತ ಗಟ್ಟಿಯಾಗಿ ಹೇಳಿ. ಥಿನ್ನರ್, ಅಸಿಟೋನ್ ಪಾಲಿಕಾರ್ಬೊನೇಟನ್ನು ನೇರವಾಗಿ ಕರಗಿಸುತ್ತವೆ ಅಥವಾ ಜೇಡರ ಬಲೆಯಂಥ ಸಣ್ಣ ಸೀಳು ಬಿಡಿಸುತ್ತವೆ. ಪೆಟ್ರೋಲ್ ಒಳಗೆ ಇಳಿದರೆ ಹೆಲ್ಮೆಟ್ಟಿನ ಥರ್ಮೋಕೋಲ್ ಪದರವೇ ಕರಗುತ್ತದೆ. ತಲೆ ಉಳಿಸುವುದು ಆ ಪದರ. ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿ ಚೈನ್ ಕ್ಲೀನರ್ ಹೊಡೆಯುವುದೂ ಇದೇ ಸಾಲಿಗೆ ಸೇರುತ್ತದೆ. ಗಾಳಿಗೆ ಹಾರಿದ ಹನಿ ಸೀದಾ ವೈಸರ್ ಮೇಲೆ ಕೂರುತ್ತದೆ.

ಆಮೇಲೆ ಉಜ್ಜುವ ಪುಡಿ. ಟೂತ್‌ಪೇಸ್ಟ್ ಹಚ್ಚಿದರೆ ಗೀರು ಹೋಗುತ್ತದೆ ಅಂತ ಎಲ್ಲ ಊರಲ್ಲೂ ಹೇಳುತ್ತಾರೆ. ಅದರಲ್ಲಿರುವ ಸುಣ್ಣಕಲ್ಲಿನ ಪುಡಿ ಅಥವಾ ಸಿಲಿಕಾ ಗಡಸು ಲೇಪವನ್ನೇ ಸವೆಸುತ್ತದೆ. ಹಗಲಲ್ಲಿ ಚೆನ್ನಾಗಿ ಕಾಣುತ್ತದೆ. ರಾತ್ರಿ ಎದುರು ಲಾರಿ ಹೈಬೀಮ್ ಹಾಕಿದಾಗ ಇಡೀ ವೈಸರ್ ಬೆಳ್ಳಗಾಗಿ ರಸ್ತೆಯೇ ಕಾಣುವುದಿಲ್ಲ. ಪಾತ್ರೆ ತಿಕ್ಕುವ ಸೋಪಿನ ಬಾರ್‌ನಲ್ಲೂ ಉಜ್ಜುವ ಪುಡಿ ಇದೆ, ಅದೂ ಬೇಡ.

ಡ್ಯಾಶ್‌ಬೋರ್ಡ್ ಪಾಲಿಶ್, ಟೈರ್ ಪಾಲಿಶ್ ಥರದ ಮಿಂಚು ಕೊಡುವ ಸ್ಪ್ರೇಗಳು ವೈಸರ್ ಕೆಡಿಸದಿರಬಹುದು. ಆದರೆ ಎಣ್ಣೆಯ ಪದರ ಬಿಡುತ್ತವೆ. ಅದಕ್ಕೆ ಧೂಳು ಅಂಟಿಕೊಳ್ಳುತ್ತದೆ, ದೀಪದ ಬೆಳಕು ಹರಡುತ್ತದೆ.

ಹಾಗಾದರೆ ಏನು ತಗೊಳ್ಳುವುದು? ದಿನದ ಬಳಕೆಗೆ ನನ್ನ ಆಯ್ಕೆ ನೀರು ಮತ್ತು ಎರಡು ಹನಿ ಸೋಪು. ಮಕ್ಕಳ ಶಾಂಪೂ, ಇಲ್ಲವೇ ಪಾತ್ರೆ ತೊಳೆಯುವ ದ್ರವ. ಒಂದು ಲೀಟರ್ ನೀರಿಗೆ ಕೆಲವೇ ಹನಿ ಸಾಕು. ನೊರೆ ಜಾಸ್ತಿಯಾದರೆ ತೊಳೆಯುವುದು ಕಷ್ಟ. ಶಾಂಪೂ ಸ್ಯಾಶೆ ತರುವುದಾದರೆ ಹಿಂದೆ ಡೈಮೆಥಿಕೋನ್ ಅಂತ ಇದೆಯಾ ನೋಡಿ. ಅದು ಕೂದಲಿಗೆ ನುಣುಪು ಕೊಡುವ ಸಿಲಿಕೋನ್. ವೈಸರ್ ಮೇಲೆ ಜಿಡ್ಡಿನ ಗೆರೆ ಬಿಡುತ್ತದೆ. ಸೋಪು ಇಲ್ಲಿ ಮಾಡುವ ಕೆಲಸ ಗದ್ದೆಗೆ ಔಷಧಿ ಹೊಡೆಯುವಾಗ ಬೆರೆಸುವ ಸ್ಪ್ರೆಡರ್ ಮಾಡುವ ಕೆಲಸವೇ. ನೀರು ಹನಿಯಾಗಿ ಉರುಳಿ ಹೋಗದೆ ಹರಡಿಕೊಂಡು ಕೊಳೆಯ ಕೆಳಗೆ ನುಗ್ಗುತ್ತದೆ. ಹಾಗಾಗಿ ಉಜ್ಜಬೇಕಿಲ್ಲ, ಕಾದರೆ ಸಾಕು.

ಬಾಟಲಿಯೇ ಬೇಕು ಅನ್ನುವವರಿಗೆ ವೈಸರ್‌ಗೆಂದೇ ಮಾಡಿದವು ಇವೆ. ಮೋಟುಲ್‌ನವರ ಹೆಲ್ಮೆಟ್ ಅಂಡ್ ವೈಸರ್ ಕ್ಲೀನ್, ಮಕ್-ಆಫ್‌ನವರ ವೈಸರ್ ಕ್ಲೀನರ್ ನಮ್ಮಲ್ಲೂ ಸಿಗುತ್ತವೆ. ಊರೂರು ತಿರುಗುವವರಿಗೆ ಇವು ಅನುಕೂಲ, ಬಕೆಟ್ ನೀರು ಎಲ್ಲೆಡೆ ಸಿಗುವುದಿಲ್ಲ ಅಲ್ವಾ. ಯಾವುದೇ ಕಂಪನಿಯದಾಗಲಿ, ಪಾಲಿಕಾರ್ಬೊನೇಟ್‌ಗೆ, ಅಕ್ರಿಲಿಕ್‌ಗೆ ಸರಿ ಎಂದು ಬರೆದಿದೆಯಾ ನೋಡಿ. ಬರೀ ಗ್ಲಾಸ್ ಕ್ಲೀನರ್ ಎಂದಿದ್ದರೆ ವಾಪಸ್ ಇಡಿ. ಹೊಸ ಕ್ಲೀನರ್ ತಂದರೆ ನೇರ ಕಣ್ಣ ಮುಂದೆ ಹೊಡೆಯಬೇಡಿ. ವೈಸರ್ ಬಿಚ್ಚಿ, ಪಕ್ಕದ ಕವರ್ ಕೆಳಗೆ ಅವಿತುಕೊಳ್ಳುವ ಮೂಲೆಗೆ ಒಂದು ಹನಿ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಮಬ್ಬಾಗಲೀ ಸೀಳಾಗಲೀ ಇಲ್ಲದಿದ್ದರೆ ಬಳಸಿ.

ಈಗ ಧೂಳಿನ ಮಾತು. ನಮ್ಮ ಕಡೆ ಹೆಚ್ಚು ವೈಸರ್ ಹಾಳಾಗುವುದು ಕ್ಲೀನರ್‌ನಿಂದಲ್ಲ, ಒಣ ಬಟ್ಟೆಯಿಂದ. ಅದಿರಿನ ಧೂಳು ಎಂದರೆ ಹೆಮಟೈಟ್. ಅದರ ಗಡಸುತನ ಹೆಚ್ಚೂಕಮ್ಮಿ ಗಾಜಿನಷ್ಟೇ. ರಸ್ತೆಯ ಮರಳು ಅದಕ್ಕಿಂತ ಗಡಸು. ಅದರ ಮೇಲೆ ಒಣ ಬಟ್ಟೆ ಎಳೆದರೆ ಮರಳು ಕಾಗದ ಎಳೆದ ಫಲವೇ. ಸಂಡೂರಿನ ಹತ್ತಿರ ಟೀ ಅಂಗಡಿಯಲ್ಲಿ ನಿಲ್ಲಿಸಿ, ಕರ್ಚೀಫಿಗೆ ಎಂಜಲು ಹಚ್ಚಿ ಗರಗರ ತಿರುಗಿಸಿ ಒರೆಸುವವರನ್ನು ಯಾವಾಗಲೂ ನೋಡುತ್ತೇನೆ. ಅವರ ವೈಸರ್ ಬಿಸಿಲಿಗೆ ಹಿಡಿದರೆ ಗುಂಡಗುಂಡಗೆ ಗೀರುಗಳು ಎದ್ದು ಕಾಣುತ್ತವೆ.

ಮಳೆಗಾಲದಲ್ಲಿ ಇದು ಇನ್ನೂ ಕೆಟ್ಟದ್ದು. ಲಾರಿ ಚಕ್ರ ಎರಚುವ ಕೆಂಪು ರಾಡಿ ವೈಸರ್ ಮೇಲೆ ಹರಡುತ್ತದೆ, ಕೈ ತಾನಾಗೇ ಗ್ಲೌಸ್‌ನಿಂದ ಒರೆಸಲು ಹೋಗುತ್ತದೆ. ತಡೆಯಿರಿ. ಪಕ್ಕಕ್ಕೆ ನಿಲ್ಲಿಸಿ ನೀರಿನ ಬಾಟಲಿಯಿಂದ ಮೇಲಿನಿಂದ ಕೆಳಕ್ಕೆ ಸುರಿಯಿರಿ. ಕೆಂಪು ನೀರು ಇಳಿದು ಬಿಳಿ ನೀರು ಬರುವ ತನಕ ಬಟ್ಟೆ ಮುಟ್ಟಿಸಬೇಡಿ. ಆಮೇಲೆ ಒದ್ದೆ ಮೈಕ್ರೋಫೈಬರ್ ಬಟ್ಟೆಯನ್ನು ಮೇಲಿಂದ ಕೆಳಕ್ಕೆ ಒಂದೇ ದಿಕ್ಕಿಗೆ, ಭಾರ ಹಾಕದೆ ಎಳೆಯಿರಿ. ಪ್ರತಿ ಸಲ ಬಟ್ಟೆಯ ಮಡಿಕೆ ತಿರುಗಿಸಿ.

ಬಸ್ಸಿನ ಕಿಟಕಿಯಿಂದ ಉಗಿದ ಎಲೆ ಅಡಿಕೆ, ಗುಟ್ಕಾ ಬಿದ್ದರೂ ಇದೇ ಉಪಾಯ, ಸ್ವಲ್ಪ ಬೇಗ. ಎಲೆ ಅಡಿಕೆ ಜೊತೆ ಸುಣ್ಣ ಇರುತ್ತದೆ. ಸುಣ್ಣ ಕ್ಷಾರ. ಪಾಲಿಕಾರ್ಬೊನೇಟ್‌ಗೆ ಕ್ಷಾರ ಒಳ್ಳೇದಲ್ಲ, ಒಣಗಲು ಬಿಡಬೇಡಿ.

ಹುಳದ ಕಥೆ ಬೇರೆ. ಗಂಗಾವತಿ ಭಾಗದಲ್ಲಿ ಭತ್ತ ಕೊಯ್ಲಿಗೆ ಬರುವ ಹೊತ್ತಿಗೆ ಕಂದು ಜಿಗಿ ಹುಳು ಏಳುತ್ತದೆ. ಬೆಳಕಿಗೆ ಮುತ್ತುವ ಹುಳ ಅದು. ಕತ್ತಲಾಗುತ್ತಿದ್ದ ಹಾಗೆ ಹೆಡ್‌ಲೈಟಿಗೆ, ವೈಸರ್‌ಗೆ ಬಂದು ಬಡಿಯುತ್ತದೆ. ಒಂದೊಂದೂ ಸಾಸಿವೆಗಿಂತ ಸ್ವಲ್ಪ ಉದ್ದ ಅಷ್ಟೇ, ಆದರೆ ಒಡೆದಾಗ ಅಂಟು ಬಿಡುತ್ತದೆ. ಮನೆ ಸೇರುವ ಹೊತ್ತಿಗೆ ಆ ಅಂಟು ಒಣಗಿ ಗಟ್ಟಿಯಾಗಿರುತ್ತದೆ, ರೆಕ್ಕೆ ಕಾಲು ಅದರಲ್ಲಿ ಸಿಕ್ಕಿಕೊಂಡಿರುತ್ತವೆ. ಉಗುರಿನಿಂದ ಕೆರೆದರೆ ಲೇಪಕ್ಕೆ ಗೀರು.

ಹಳೇ ಹತ್ತಿ ಬನಿಯನ್ ತುಂಡನ್ನು ಸೋಪು ನೀರಲ್ಲಿ ಅದ್ದಿ ವೈಸರ್ ಮೇಲೆ ಹೊದಿಸಿ. ಹತ್ತು ಹದಿನೈದು ನಿಮಿಷ ಹಾಗೇ ಇರಲಿ, ನೀವು ಕೈಕಾಲು ತೊಳೆದು ಕಾಫಿ ಕುಡಿಯಿರಿ. ಬಟ್ಟೆ ಎತ್ತುವಾಗ ಅರ್ಧ ಹುಳ ಅದರ ಜೊತೆಗೇ ಬರುತ್ತವೆ. ಉಳಿದವು ಒದ್ದೆ ಬೆರಳ ತುದಿಗೇ ಜಾರುತ್ತವೆ. ಇನ್ನೂ ಗಟ್ಟಿ ಇದ್ದರೆ ಮತ್ತೊಮ್ಮೆ ಹೊದಿಸಿ. ನೀರು ಉಗುರುಬೆಚ್ಚಗಿದ್ದರೆ ಇನ್ನೂ ಒಳ್ಳೇದು, ಕುದಿಯುವ ನೀರು ಬೇಡ. ಟಿಶ್ಯೂ ಪೇಪರ್ ಹೊದಿಸಬಹುದು, ಆದರೆ ಅದರಿಂದ ಉಜ್ಜಬಾರದು. ಮರದ ನಾರು ಅದು.

ಒಳಗಡೆಗೆ ನನ್ನ ಮಾತು ಒಂದೇ: ಸ್ಪ್ರೇ ಬೇಡ. ಆಂಟಿ-ಫಾಗ್ ಲೇಪ ಹೊರಗಿನದಕ್ಕಿಂತ ಬಹಳ ಮೃದು. ಒದ್ದೆ ಬಟ್ಟೆಯಿಂದ ಹಗುರವಾಗಿ ಒತ್ತಿ, ಗಾಳಿಗೆ ಒಣಗಲು ಬಿಡಿ. ಪಿನ್‌ಲಾಕ್ ಹಾಳೆ ಹಾಕಿದ್ದರೆ ಇನ್ನೂ ಜೋಪಾನ. ಅದು ಉಸಿರಿನ ತೇವವನ್ನು ಹೀರಿಕೊಂಡು ಮಂಜು ತಡೆಯುತ್ತದೆ. ನೀರಿನ ಜೊತೆ ಬೇರೆ ಯಾವ ದ್ರವ ತಾಗಿದರೂ ಅದನ್ನೂ ಹೀರಿಕೊಳ್ಳಬಹುದು. ಒದ್ದೆ ಇರುವಾಗ ಮೆತ್ತಗಾಗಿರುತ್ತದೆ, ಆಗ ಉಜ್ಜಿದರೆ ಗೀರು ಖಚಿತ. ಆಷಾಢದಲ್ಲಿ ಸಂಡೂರಿನ ಗುಡ್ಡ ಹತ್ತುವಾಗ ಮಂಜು ಕವಿಯುತ್ತದೆ. ಆ ಲೇಪ ಉಳಿಸಿಕೊಂಡವರಿಗೆ ಅದರ ಬೆಲೆ ಗೊತ್ತು.

ಬೈಕಿನ ವಿಂಡ್‌ಸ್ಕ್ರೀನ್ ಪಾಲಿಕಾರ್ಬೊನೇಟೂ ಆಗಿರಬಹುದು, ಅಕ್ರಿಲಿಕ್ಕೂ ಆಗಿರಬಹುದು. ಹೊರಗಿನಿಂದ ತಂದು ಹಾಕಿಸಿದ್ದಾದರೆ ಯಾವುದೆಂದು ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಅಕ್ರಿಲಿಕ್ ಎಂದೇ ತಿಳಿದು ನಡೆಯಿರಿ: ಆಲ್ಕೋಹಾಲ್ ಪೂರ್ತಿ ಬಿಡಿ. ಅಕ್ರಿಲಿಕ್ ಮೊದಲು ಸೀಳು ಬಿಡುವುದು ಬೋಲ್ಟಿನ ತೂತುಗಳ ಸುತ್ತ, ಎಳೆತ ಜಾಸ್ತಿ ಇರುವುದು ಅಲ್ಲೇ. ವಾರಕ್ಕೊಮ್ಮೆ ಆ ಜಾಗ ನೋಡಿ. ಬೋಲ್ಟ್ ಸಡಿಲ ಆಗದಿರಲಿ ಅಂತ ಥ್ರೆಡ್‌ಲಾಕರ್ ಹಾಕುವವರು ಇದ್ದಾರೆ. ಆ ದ್ರವ ಪ್ಲಾಸ್ಟಿಕ್ಕಿಗೆ ತಾಗಿದರೂ ಇದೇ ಥರ ಬಿರುಕು ಬಿಡುತ್ತದೆ. ನೈಲಾನ್ ಇರುವ ನಟ್ ಹಾಕಿಸಿ.

ಮಳೆನೀರು ಜಾರಿಸುವ ದ್ರವಗಳಲ್ಲೂ ಎರಡು ಜಾತಿ. ಮಾಮೂಲಿ ರೇನ್-ಎಕ್ಸ್ ಕಾರಿನ ಗಾಜಿಗೆ. ಪ್ಲಾಸ್ಟಿಕ್ಕಿಗೆ ಅವರದೇ ಬೇರೆ ಬಾಟಲಿ ಇದೆ. ಹೆಸರು ಒಂದೇ ಅಂತ ಮೋಸ ಹೋಗಬೇಡಿ.

ಇನ್ನು ಬಿಳಿ ಕಲೆ. ನಮ್ಮ ಬೋರ್‌ವೆಲ್ ನೀರಲ್ಲಿ ತೊಳೆದು ಬಿಸಿಲಿಗೆ ಇಟ್ಟರೆ ಹನಿ ಒಣಗಿದ ಕಡೆಯೆಲ್ಲ ಸುಣ್ಣದ ಉಂಗುರ ಉಳಿಯುತ್ತದೆ. ಅದನ್ನು ಕ್ಲೀನರ್ ಬಿಟ್ಟ ಕಲೆ ಅಂದುಕೊಂಡು ಇನ್ನೂ ಗಡುಸಾದ ಕ್ಲೀನರ್ ತರುವವರು ಬಹಳ ಜನ. ಬಕೆಟ್ಟಿನಲ್ಲಿ ತೊಳೆದರೂ ಕೊನೆಯ ಒಂದು ಲೋಟ ಮಾತ್ರ ಆರ್‌ಓ ನೀರು ಅಥವಾ ಹಿಡಿದಿಟ್ಟ ಮಳೆನೀರು ಹಾಕಿ. ನೆರಳಲ್ಲಿ ಒಣಗಿಸಿ.

ಗೀರು ಬಿದ್ದುಬಿಟ್ಟಿದ್ದರೆ? ಪ್ಲಾಸ್ಟಿಕ್ ಪಾಲಿಶ್ ಬರುತ್ತದೆ, ಲೇಪ ಇಲ್ಲದ ಅಕ್ರಿಲಿಕ್ ವಿಂಡ್‌ಸ್ಕ್ರೀನಿಗೆ ಅದು ಕೆಲಸ ಮಾಡುತ್ತದೆ. ಲೇಪ ಇರುವ ವೈಸರ್‌ಗೆ ಮಾಡುವುದಿಲ್ಲ, ಸುತ್ತಲಿನ ಲೇಪವೂ ಹೋಗುತ್ತದೆ. ರಾತ್ರಿ ಎದುರಿನ ದೀಪ ನಕ್ಷತ್ರದ ಹಾಗೆ ಒಡೆದು ಕಂಡರೆ ವೈಸರ್ ಬದಲಿಸಿ. ಸ್ಟಡ್ಸ್, ಸ್ಟೀಲ್‌ಬರ್ಡ್, ಬೆಳಗಾವಿಯ ವೇಗಾ ಮುಂತಾದವರ ಹೆಲ್ಮೆಟ್ಟುಗಳಿಗೆ ವೈಸರ್ ಬಿಡಿಯಾಗಿ ಸಿಗುತ್ತದೆ. ಹಲವು ಮಾಡೆಲ್‌ಗಳಿಗೆ ಕೆಲವು ನೂರು ರೂಪಾಯಿ ಅಷ್ಟೇ. ನಿಮ್ಮ ಮಾಡೆಲ್ ಹೆಸರು ಹೇಳಿ ಅದೇ ಕಂಪನಿಯದನ್ನೇ ತನ್ನಿ, ಅಂದಾಜಿನ ಮೇಲೆ ಕೂರಿಸಿದ್ದು ಗಾಳಿಗೆ ಬಡಿದುಕೊಳ್ಳುತ್ತದೆ. ರಾತ್ರಿ ಓಡಾಟ ಇದ್ದರೆ ಕಪ್ಪು ವೈಸರ್ ಬೇಡ, ಬಣ್ಣವಿಲ್ಲದ ಪಾರದರ್ಶಕ ವೈಸರನ್ನೇ ಹಾಕಿ. ಹೊಸದು ಕೂರಿಸುವ ಮುಂಚೆ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆ ತೆಗೆಯಿರಿ. ಕೆಲವದಕ್ಕೆ ಒಳಗಡೆಯೂ ಒಂದು ಹಾಳೆ ಇರುತ್ತದೆ, ಅದನ್ನೂ ನೋಡಿ.