ಲ್ಯಾಮಿನೇಶನ್ ಮಾತ್ರ ಮಾಡಬೇಡಿ ಮಾರಾಯ್ರೇ: ಮಲೆನಾಡಿನಲ್ಲಿ ಹಳೇ ಬೇಸ್‌ಬಾಲ್ ಕಾರ್ಡು ಕೂಡಿಡುವ ಬಗೆ

ಶಿವಮೊಗ್ಗದ ದುರ್ಗಿಗುಡಿ ಕಡೆ ನನ್ನದೊಂದು ಜೆರಾಕ್ಸ್ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಊರವರ ಆಧಾರ್, ಅಂಕಪಟ್ಟಿ, ದೇವರ ಪಟ ಎಲ್ಲ ಲ್ಯಾಮಿನೇಟ್ ಮಾಡಿಕೊಟ್ಟ ಕೈ ಇದು. ಅದೇ ಕೈಯಲ್ಲಿ ಒಂದು ಜುಲೈ ಸಂಜೆ, ನೂರು ವರ್ಷ ದಾಟಿದ ಬೇಸ್‌ಬಾಲ್ ಕಾರ್ಡೊಂದನ್ನು ಮಿಷನ್ನಿಗೆ ಬಿಟ್ಟೆ. ಹೊರಗೆ ಪುನರ್ವಸು ಮಳೆ ಹೊಯ್ಯುತ್ತಿತ್ತು, ಕಾರ್ಡು ಮೆತ್ತಗಾದಂತೆ ಕಂಡಿತ್ತು, ಒಳ್ಳೇದೇ ಮಾಡ್ತಿದ್ದೀನಿ ಅಂದುಕೊಂಡಿದ್ದೆ. ಫಳಫಳ ಹೊಳೆಯುತ್ತ ಹೊರಬಂತು. ಒಹಾಯೊದಲ್ಲಿರುವ ಅಳಿಯನಿಗೆ ಫೋಟೊ ಕಳಿಸಿದೆ. ಸ್ವಲ್ಪ ಹೊತ್ತಿಗೆ ಫೋನೇ ಬಂತು.

"ಮಾವ, ಅದನ್ನ ಬಿಡಿಸೋಕೆ ಆಗತ್ತಾ?"

ಆಗಲ್ಲ. ಬಿಸಿಗೆ ಕರಗಿದ ಅಂಟು ಕಾಗದದ ನಾರಿನೊಳಗೆ ಇಳಿದಿರುತ್ತದೆ. ಬಿಡಿಸಲು ಹೋದರೆ ಚಿತ್ರವೇ ಎದ್ದು ಬರುತ್ತದೆ. ಇದು ನನಗೆ ಬೇರೆಯವರು ಹೇಳಿಕೊಡಬೇಕಾದ ವಿಷಯವೇ ಅಲ್ಲ. ಆದರೂ ಮಾಡಿದೆ. ಈಗ ನನ್ನ ಹತ್ತಿರ ಮೂವತ್ತೊಂದು ಕಾರ್ಡುಗಳಿವೆ, ಬೇರೆ ಯಾವುದಕ್ಕೂ ನನ್ನ ಉಪಕಾರ ತಾಗಿಲ್ಲ.

ಶುರು ಮಾಡುವವರು ಮೊದಲು ಒಂದೇ ಗುಂಪು ಹಿಡಿದುಕೊಳ್ಳಿ. ನಾನು ಹಿಡಿದದ್ದು ಟಿ206. ಅಮೆರಿಕನ್ ಟೊಬ್ಯಾಕೊ ಕಂಪನಿ 1909ರಿಂದ 1911ರವರೆಗೆ ಸಿಗರೇಟ್ ಪ್ಯಾಕಿನೊಳಗೆ ಹಾಕಿ ಕೊಟ್ಟ ಕಾರ್ಡುಗಳಿವು. ಐನೂರಕ್ಕೂ ಹೆಚ್ಚು ಬಗೆ. ಮುಂದೆ ಆಟಗಾರನ ಬಣ್ಣದ ಚಿತ್ರ, ಹಿಂದೆ ಸಿಗರೇಟಿನ ಜಾಹೀರಾತು. ಪೀಡ್‌ಮಾಂಟ್ ಬ್ರ್ಯಾಂಡ್ ಆದರೆ ನೀಲಿ ಶಾಯಿ, ಸ್ವೀಟ್ ಕ್ಯಾಪೊರಲ್ ಆದರೆ ಕೆಂಪು. ಅಗಲ ಒಂದೂವರೆ ಇಂಚಿಗೆ ಚೂರು ಕಡಿಮೆ, ಉದ್ದ ಎರಡೂವರೆ ದಾಟಿ ಸ್ವಲ್ಪ. ನಮ್ಮ ಬೆಂಕಿಪೊಟ್ಟಣಕ್ಕಿಂತ ಒಂದು ಬೆರಳು ಉದ್ದ ಅನ್ನಿ. ಗುಂಪಿನ ಹೆಸರಿನ ಮೊದಲಕ್ಷರ ಕಾರ್ಡು ಯಾವುದರ ಜೊತೆ ಬಂತು ಅಂತ ಹೇಳುತ್ತದೆ: ಟಿ ಅಂದರೆ ಇಪ್ಪತ್ತನೇ ಶತಮಾನದ ತಂಬಾಕು, ಎನ್ ಅಂದರೆ ಹತ್ತೊಂಬತ್ತನೆಯದರ ತಂಬಾಕು, ಇ ಅಂದರೆ ಮಿಠಾಯಿ, ಆರ್ ಅಂದರೆ 1930ರ ಆಚೀಚಿನ ಚೂಯಿಂಗ್ ಗಮ್. ಈ ಲೆಕ್ಕ ಹಾಕಿದವನು ಅಮೆರಿಕದ ಸಿರಕ್ಯೂಸ್ ಊರಿನ ಜೆಫರ್ಸನ್ ಬರ್ಡಿಕ್. ಸಂಧಿವಾತದಿಂದ ಬೆರಳು ಸೊಟ್ಟಗಾಗಿದ್ದರೂ ಮೂರು ಲಕ್ಷಕ್ಕೂ ಹೆಚ್ಚು ಕಾರ್ಡು-ಚೀಟಿಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟು, ಅಲ್ಲೇ ಕೂತು ಆಲ್ಬಮ್ಮಿಗೆ ಅಂಟಿಸಿದ. 1963ರ ಜನವರಿಯಲ್ಲಿ ಕೆಲಸ ಮುಗಿಸಿದ, ಮಾರ್ಚಿನಲ್ಲಿ ತೀರಿಕೊಂಡ. ಅಂಟಿಸಬಾರದಿತ್ತು ಅಂತ ಈಗಿನವರು ಹೇಳಬಹುದು. ಲ್ಯಾಮಿನೇಟ್ ಮಾಡಿದವನು ನಾನು, ಹೇಳಲಾರೆ.

ದುಡ್ಡಿನ ಮಾತು. ಇದೇ ಟಿ206 ಗುಂಪಿನ, ಹೋನಸ್ ವ್ಯಾಗ್ನರ್ ಅನ್ನೋ ಆಟಗಾರನ ಕಾರ್ಡು ಕೋಟಿಗಟ್ಟಲೆಗೆ ಹೋಯಿತು ಅನ್ನೋ ಸುದ್ದಿ ಓದಿ ಇದಕ್ಕೆ ಇಳಿಯಬೇಡಿ. ಅವನ ಕಾರ್ಡು ಲೋಕದಲ್ಲಿ ಇರೋದೇ ಅರವತ್ತರ ಆಸುಪಾಸು. ಮೂಲೆ ಸವೆದ, ಮಡಿಕೆ ಬಿದ್ದ, ಅಷ್ಟೇನೂ ಹೆಸರು ಮಾಡದ ಆಟಗಾರನ ಕಾರ್ಡು ನೂರು ಡಾಲರಿನೊಳಗೇ ಸಿಗುತ್ತದೆ, ನನ್ನವೆಲ್ಲ ಅಂಥವೇ. ಅದೂ ಜಾಸ್ತಿ ಅನ್ನಿಸಿದರೆ ಬ್ರಿಟನ್ನಿನ ಜಾನ್ ಪ್ಲೇಯರ್ ಕಂಪನಿಯ ಕ್ರಿಕೆಟ್ ಕಾರ್ಡು ನೋಡಿ. 1930, 1934, 1938ರಲ್ಲಿ ಐವತ್ತೈವತ್ತರ ಕಟ್ಟು ಬಂದಿದೆ, ಬಹಳ ಅಗ್ಗ. ಆದರೆ ಆ ಕಾಲದ ಕೆಲವು ಬ್ರಿಟಿಷ್ ಕಾರ್ಡುಗಳ ಬೆನ್ನಿಗೆ ಅಂಚೆಚೀಟಿಯ ಹಾಗೆ ಗೋಂದು ಇರುತ್ತದೆ. ನಮ್ಮ ಮಳೆಗಾಲದಲ್ಲಿ ಒಂದರ ಮೇಲೊಂದು ಇಟ್ಟರೆ ಕಥೆ ಮುಗಿಯಿತು.

ಅಸಲಿ ನಕಲಿ ನೋಡೋದು ಹೇಗೆ? ಇಲ್ಲಿ ಜೆರಾಕ್ಸಿನವನ ಬುದ್ಧಿ ಉಪಯೋಗಕ್ಕೆ ಬಂತು. ಆಫ್‌ಸೆಟ್ ಪ್ರೆಸ್ಸಿನವರು ಇಟ್ಟುಕೊಳ್ಳುವ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್, ಅಂದರೆ ಪುಟ್ಟ ಭೂತಗನ್ನಡಿ, ಒಂದು ತಗೊಳ್ಳಿ. ಕಾರ್ಡಿನ ಕೆಳಗೆ ಆಟಗಾರನ ಹೆಸರು, ಊರು ಕಂದು ಅಕ್ಷರದಲ್ಲಿ ಇರುತ್ತದಲ್ಲ, ಅಲ್ಲಿಗೆ ಹಿಡಿಯಿರಿ. ಅಸಲಿಯಲ್ಲಿ ಅಕ್ಷರ ಒಂದೇ ಶಾಯಿಯಲ್ಲಿ ತುಂಬಿರುತ್ತದೆ, ಕುಂಚದಲ್ಲಿ ಬರೆದ ಬೋರ್ಡಿನ ಹಾಗೆ. ಮುಖ, ಆಕಾಶದಲ್ಲಿ ಚುಕ್ಕಿಗಳಿದ್ದರೂ ರವೆ ಚೆಲ್ಲಿದ ಹಾಗೆ ಅಡ್ಡಾದಿಡ್ಡಿ. ನಕಲಿ ಮಾಡುವವನು ಇಡೀ ಕಾರ್ಡನ್ನೇ ಸ್ಕ್ಯಾನ್ ಮಾಡಿ ನಾಲ್ಕು ಬಣ್ಣದಲ್ಲಿ ಮುದ್ರಿಸುತ್ತಾನೆ. ಹಾಗಾಗಿ ಅಕ್ಷರವೂ ಚುಕ್ಕಿಚುಕ್ಕಿಯಾಗಿ ಒಡೆದಿರುತ್ತದೆ, ಚುಕ್ಕಿಗಳು ಸಾಲಾಗಿ ರಂಗೋಲಿ ಇಟ್ಟಂತೆ ಕೂತಿರುತ್ತವೆ. ಒಂದು ಸಲ ನೋಡಿದರೆ ಸಾಕು, ಕಣ್ಣಿಗೆ ಅಭ್ಯಾಸವಾಗುತ್ತದೆ.

ಎರಡನೆಯದು ಕಳ್ಳನೋಟು ನೋಡುವ ನೀಲಿ ದೀಪ. ಅಂಗಡಿ ಷಟರ್ ಎಳೆದು, ಲೈಟ್ ಆರಿಸಿ, ಎ4 ಹಾಳೆ ಮೇಲೆ ಕಾರ್ಡಿಟ್ಟು ದೀಪ ಬಿಡುತ್ತೇನೆ. ಹಾಳೆ ಉಜಾಲ ಹಾಕಿದ ಪಂಚೆಯ ಹಾಗೆ ಬೆಳಗುತ್ತದೆ, ಕಾರ್ಡು ಮಂಕಾಗಿ ಬಿದ್ದಿರುತ್ತದೆ. ಕಾಗದಕ್ಕೆ ಆ ಹೊಳಪಿನ ರಾಸಾಯನಿಕ ಬೆರೆಸಲು ಶುರುವಾದದ್ದು ಎರಡನೇ ಮಹಾಯುದ್ಧದ ಸುಮಾರಿಗೆ. 1910ರ ಕಾರ್ಡು ಬೆಳಗಿದರೆ ವಾಪಸ್ ಕೊಡಿ. ಬೆಳಗಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅಂತ ಕುಣಿಯಲೂ ಬೇಡಿ, ಹಳೇ ಕಾಗದದ ಮೇಲೆ ಮುದ್ರಿಸುವ ಚಾಲಾಕಿಗಳೂ ಇದ್ದಾರೆ. ಲೂಪೂ ದೀಪವೂ ಎರಡೂ ಒಪ್ಪಬೇಕು.

ಅಂಚು ನೋಡಿ. ನಾಲ್ಕೂ ಮೂಲೆ ಸವೆದಿದ್ದು, ಒಂದು ಬದಿ ಮಾತ್ರ ಬ್ಲೇಡಿನಷ್ಟು ನೇರ ಇದ್ದರೆ ಯಾರೋ ಕತ್ತರಿಸಿದ್ದಾರೆ. ಅತಿ ಪ್ರಸಿದ್ಧ ವ್ಯಾಗ್ನರ್ ಕಾರ್ಡಿನ ಅಂಚನ್ನೇ ತಾನು ಕತ್ತರಿಸಿದ್ದೆ ಅಂತ ಹರಾಜಿನವನೊಬ್ಬ 2013ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡ.

ಇನ್ನು ಮಳೆ. ಅಮೆರಿಕದವರು ಬರೆದ ಸಲಹೆಗಳು ಇಲ್ಲಿ ಅರ್ಧ ಮಾತ್ರ ನಡೆಯುತ್ತವೆ, ಯಾಕಂದರೆ ಅವರ ಮನೆಯ ಚಪ್ಪಲಿಗೆ ಬೂಷ್ಟು ಬರುವುದಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ, ಆರಿದ್ರಾದಿಂದ ಆಶ್ಲೇಷದವರೆಗೆ ಬೀರುವಿನೊಳಗಿನ ರೇಷ್ಮೆ ಸೀರೆಯೂ ಬೆವರುತ್ತದೆ. ಹಿರಿಯರು ಕಾಗದಪತ್ರ ಹೊಗೆ ಅಟ್ಟಕ್ಕೆ ಹಾಕುತ್ತಿದ್ದರು. ಕಾರ್ಡಿಗೆ ಅದು ಬೇಡ, ವರ್ಷದೊಳಗೆ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಡಾಂಬರು ಗುಳಿಗೆಯೂ ಬೇಡ, ಆ ವಾಸನೆ ಮತ್ತೆ ಹೋಗಲ್ಲ. ಅಡಿಕೆ, ಹಪ್ಪಳ ಒಣಗಿಸಿದ ಹಾಗೆ ಬಿಸಿಲಿಗಂತೂ ಹಾಕಲೇಬೇಡಿ, ಕಾರ್ಡು ದೊನ್ನೆಯಾಗಿ ಬಾಗುತ್ತದೆ, ಬಣ್ಣವೂ ಹಾರುತ್ತದೆ.

ಪ್ಲಾಸ್ಟಿಕ್ ಕವರಿನಲ್ಲೂ ಜಾತಿ ಇದೆ. ಹಳೇ ಫೈಲಿನ ಮೆತ್ತನೆ ಪ್ಲಾಸ್ಟಿಕ್ಕಿಗೆ ಜೆರಾಕ್ಸಿನ ಅಕ್ಷರ ಕಚ್ಚಿಕೊಂಡು ಉಲ್ಟಾ ಅಚ್ಚಾಗಿರೋದು ನೋಡಿದ್ದೀರಲ್ಲ? ಅದು ಪಿವಿಸಿ. ಅದನ್ನು ಮೆತ್ತಗೆ ಮಾಡಲು ಬೆರೆಸಿದ ಎಣ್ಣೆಯಂಥ ವಸ್ತು ನಿಧಾನಕ್ಕೆ ಹೊರಗೆ ಬಂದು ಶಾಯಿಯನ್ನು ಎಳೆಯುತ್ತದೆ. ನನ್ನ ಅಂಗಡಿಯ ಐಡಿ ಕಾರ್ಡಿನ ಪೌಚೂ ಅದೇ ಜಾತಿ, ಮಾರುವವನೇ ಹೇಳ್ತಿದ್ದೀನಿ, ಬೇಡ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಅಂತ ಬರೆದಿರುವ ಕವರೇ ಆಗಬೇಕು. ಕವರಿನ ಮೇಲೊಂದು ಗಟ್ಟಿ ಹೋಲ್ಡರು. ಹೋಲ್ಡರುಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಕಿತ್ತಳೆ ಹರಳು ತೇವ ಕುಡಿದರೆ ಹಸಿರಾಗುತ್ತದೆ, ಆಗ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಕಿತ್ತಳೆ. ಹುರಿಯಲು ಬೇರೆಯೇ ಬಾಣಲೆ ಇಟ್ಟುಕೊಳ್ಳಿ. ನಾನು ಒಗ್ಗರಣೆ ಬಾಣಲೆ ತಗೊಂಡ ದಿನ ಮನೆಯಲ್ಲಿ ಊಟದ ಹೊತ್ತು ಜಾರಿತ್ತು. ಒಳಗೊಂದು ಪುಟ್ಟ ತೇವಮಾಪಕ ಹಾಕಿ, ಶೇಕಡಾ ಐವತ್ತರ ಆಸುಪಾಸು ತೋರಿಸಿದರೆ ನಿಶ್ಚಿಂತೆ. ಡಬ್ಬಿ ಹೊರಗೋಡೆಗೆ ತಾಗದಂತಿರಲಿ. ಮಳೆ ಹಿಡಿದ ದಿನ ಮುಚ್ಚಳ ತೆಗೆಯಬೇಡಿ, ಯಾರು ಕೇಳಿದರೂ ಹೊಳವಾದ ಮೇಲೆ ಬನ್ನಿ ಅನ್ನಿ.

ಬೂಷ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಒಳಕ್ಕೆ ಉಜ್ಜಿದಂತಾಗುತ್ತದೆ. ಫ್ಯಾನ್ ಇರುವ ಕೋಣೆಯಲ್ಲಿ ಪೂರ್ತಿ ಒಣಗಲಿ, ಆಮೇಲೆ ಅಂಗಳಕ್ಕೆ ಒಯ್ದು ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆತ್ತನೆ ಬ್ರಷ್ಷಿನಲ್ಲಿ ಕೊಡವಿ. ಕಲೆ ಉಳಿದರೆ ಉಳಿಯಲಿ.

ಹಂಚಿಕೊಳ್ಳುವುದಕ್ಕೆ ಸ್ಕ್ಯಾನ್ ಮಾಡಿ, ಆರುನೂರು ಡಿಪಿಐ, ಎರಡೂ ಬದಿ. ಗಾಜಿನ ಮೇಲೆ ಇಟ್ಟು ಮುಚ್ಚಳವನ್ನು ಮೆಲ್ಲಗೆ ಇಳಿಸಿ, ಮೇಲಿನ ಫೀಡರಿಗೆ ಮಾತ್ರ ಹಾಕಬೇಡಿ, ಅದರ ರೋಲರು ಕಾರ್ಡನ್ನು ನುಂಗಿ ಮಡಚಿಬಿಡುತ್ತದೆ. ಸಾಗರದ ಮೇಷ್ಟ್ರೊಬ್ಬರು ಬೆಂಕಿಪೊಟ್ಟಣದ ಚಿತ್ರ ಕೂಡಿಸುತ್ತಾರೆ, ನಮ್ಮಿಬ್ಬರದು ಹೀಗೇ ನಡೆಯುತ್ತದೆ. ನನ್ನ ಹತ್ತಿರ ಎರಡೆರಡು ಇದ್ದದ್ದನ್ನು ಅವರಿಗೆ ಕೊಟ್ಟಾಗ ಹೋಲ್ಡರನ್ನು ಎರಡು ರಟ್ಟಿನ ನಡುವೆ ಕಟ್ಟಿ, ಜಿಪ್ ಕವರಿಗೆ ಹಾಕಿ ಸ್ಪೀಡ್ ಪೋಸ್ಟ್ ಮಾಡಿದೆ. ದೀಪಾವಳಿ ಕಳೆದ ಮೇಲೆ, ಮಳೆಗಾಲದಲ್ಲಿ ಅಲ್ಲ.

ಮನೆಗೆ ಬಂದವರಿಗೆ ತೋರಿಸುವಾಗ ಕೈ ತೊಳೆದು ಒರೆಸಿಕೊಳ್ಳಲು ಹೇಳೋಕೆ ಸಂಕೋಚ ಬೇಡ. ನಮ್ಮ ಕಡೆ ಕವಳ ಹಾಕದವರು ಕಮ್ಮಿ, ಹೆಬ್ಬೆರಳಿನ ಸುಣ್ಣ ಒಂದು ಸಲ ಅಂಚಿಗೆ ತಾಗಿದರೆ ಹೋಗಲ್ಲ. ಅಂಗಡಿಗೆ ಬರುವ ಶಾಲೆ ಹುಡುಗರು ಬೋಂಡದ ಎಣ್ಣೆ ಕೈಯಲ್ಲೇ ಕೇಳುತ್ತಾರೆ. ಅವರಿಗೆ ಕೊಡೋದು ಕೌಂಟರಿನ ಮೇಲಿರುವ ಲ್ಯಾಮಿನೇಟ್ ಆದ ಕಾರ್ಡು: ಬ್ರೂಕ್ಲಿನ್ ತಂಡದ ರಕರ್, ಎಡಗೈಯಲ್ಲಿ ಚೆಂಡೆಸೆಯುತ್ತಿದ್ದವನು. ಮೊನ್ನೆ ಒಬ್ಬ ಹುಡುಗ ಅದನ್ನು ಅಂಗಿಗೆ ಒರೆಸಿ, ತಿರುಗಿಸಿ ನೋಡಿ, "ಅಂಕಲ್, ಬ್ರೂಕ್ಲಿನ್ ಅಂದ್ರೆ ಈಗ ಯಾವ ಟೀಮು?" ಅಂದ. ಲಾಸ್ ಏಂಜಲೀಸ್ ಡಾಜರ್ಸ್ ಕಣೋ, 1958ರಲ್ಲಿ ಊರು ಬಿಟ್ಟು ಹೋದರು ಅಂದೆ. ಅವನ ಅಂಕಪಟ್ಟಿಯ ಎರಡು ಜೆರಾಕ್ಸಿಗೆ ನಾಲ್ಕು ರೂಪಾಯಿ ಆಗಿತ್ತು, ತಗೊಳ್ಳೋದು ಮರೆತೆ.