ಮೂಗಿನ ಆಪರೇಷನ್ ನಂತರ ನಿದ್ದೆ ಸುಧಾರಿಸಬೇಕೇ? ಹೀಗೆ ಮಾಡಿ

ಮೂಗಿನ ಮೂಳೆ ಸೊಟ್ಟಗಿದೆ ಎಂದು ಆಪರೇಷನ್ ಮಾಡಿಸಿಕೊಂಡವರಲ್ಲಿ ಹಲವರು ವಾರ ತುಂಬುವಷ್ಟರಲ್ಲಿ ಬೇಸರದ ಮುಖ ಹೊತ್ತು ಬರುತ್ತಾರೆ. ‘ಮೊದಲೇ ವಾಸಿಯಿತ್ತು ಸಿಸ್ಟರ್, ಈಗ ಕಣ್ಣು ಮುಚ್ಚಿದರೆ ಉಸಿರು ಕಟ್ಟುತ್ತದೆ’ ಎನ್ನುತ್ತಾರೆ. ಮೈಸೂರಿನಲ್ಲಿ ಕಿವಿ-ಮೂಗು-ಗಂಟಲು ವಾರ್ಡಿನ ನರ್ಸ್ ಆಗಿ ಈ ಮಾತನ್ನು ವರ್ಷಗಳಿಂದ ಕೇಳುತ್ತಿದ್ದೇನೆ. ಅವರಲ್ಲಿ ಹೆಚ್ಚಿನವರ ಆಪರೇಷನ್ ಸರಿಯಾಗಿಯೇ ಆಗಿರುತ್ತದೆ. ಎಡವಟ್ಟಾಗುವುದು ಅದಕ್ಕೆ ಮುಂಚಿನ ಪರೀಕ್ಷೆಯಲ್ಲಿ ಮತ್ತು ಆಮೇಲಿನ ಆರೈಕೆಯಲ್ಲಿ, ಅದರಲ್ಲೂ ಮೂಗು ತೊಳೆಯುವ ಕೆಲಸದಲ್ಲಿ.

ಹಂತ 1: ಗೊರಕೆಯ ಮೂಲ ತಿಳಿಯಿರಿ

ನಿದ್ದೆ ಕೆಡಲು ಕಟ್ಟಿದ ಮೂಗೊಂದೇ ಕಾರಣವೋ, ನಿದ್ದೆಯಲ್ಲಿ ಉಸಿರೇ ನಿಂತುಹೋಗುವ ಸ್ಲೀಪ್ ಆಪ್ನಿಯಾ ಕೂಡ ಇದೆಯೋ ಎಂಬುದು ಆಪರೇಷನ್‌ಗೆ ಮೊದಲೇ ಗೊತ್ತಾಗಬೇಕು. ಪಕ್ಕದಲ್ಲಿ ಮಲಗುವವರನ್ನು ಕೇಳಿ: ಗೊರಕೆ ನಡುವೆ ಸದ್ದಡಗಿ, ಆಮೇಲೆ ಬಿಕ್ಕಿದಂತೆ ಉಸಿರು ಮರಳುತ್ತದೆಯೇ? ಹೌದಾದರೆ, ಮಲಗಿದ್ದಾಗಿನ ಉಸಿರಾಟವನ್ನು ಅಳೆಯುವ ನಿದ್ದೆಯ ಪರೀಕ್ಷೆ ಮಾಡಿಸಲೇಬೇಕು. ಗಂಟೆಗೆ 5ರಿಂದ 15 ಬಾರಿ ಉಸಿರು ನಿಂತರೆ ಅಥವಾ ತೀರಾ ಕುಗ್ಗಿದರೆ ಅದು ಸೌಮ್ಯ, 30 ದಾಟಿದರೆ ತೀವ್ರ.

ಎಳನೀರಿನ ಸ್ಟ್ರಾದ ತುದಿ ಹಿಸುಕಿ ಜೋರಾಗಿ ಹೀರಿದರೆ ನಡುಭಾಗ ಒಳಕ್ಕೆ ಅಂಟಿಕೊಳ್ಳುತ್ತದೆ. ಮೂಗು ಕಟ್ಟಿದವರ ಗಂಟಲಿನಲ್ಲೂ ಹಾಗೆಯೇ ಆಗುತ್ತದೆ. ಮೂಗು ತೆರೆದರೆ ಹೀರುವ ಶ್ರಮ ತಗ್ಗುತ್ತದೆ, ಬಾಯಿ ತೆರೆದು ಮಲಗುವುದು ನಿಲ್ಲುತ್ತದೆ, ಬೆಳಿಗ್ಗೆ ಗಂಟಲು ಒಣಗಿರುವುದಿಲ್ಲ, ಹಗಲಿನ ತೂಕಡಿಕೆ ಕಡಿಮೆಯಾಗುತ್ತದೆ. ಆದರೆ ನಾಲಿಗೆಯ ಬುಡ, ಕಿರುನಾಲಿಗೆಯ ಸುತ್ತಲಿನ ಭಾಗ ಸಡಿಲವಾಗಿದ್ದರೆ ಅದು ಕುಸಿಯುತ್ತಲೇ ಇರುತ್ತದೆ. ಮೂಗಿನ ಆಪರೇಷನ್‌ನಿಂದ ನಿದ್ದೆಯ ಗುಣ ಸುಧಾರಿಸಿದರೂ ಉಸಿರು ನಿಲ್ಲುವ ಸಂಖ್ಯೆ ಅಷ್ಟಾಗಿ ಇಳಿಯದಿರುವುದಕ್ಕೆ ಇದೇ ಕಾರಣ. ‘ಇದೊಂದು ಮಾಡಿಸಿದರೆ ಗೊರಕೆ, ಆಪ್ನಿಯಾ ಎಲ್ಲ ಹೋಗುತ್ತದೆ’ ಎಂದು ಯಾರಾದರೂ ಭರವಸೆ ಕೊಟ್ಟರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ.

ಗೊರಕೆ, ಆಪ್ನಿಯಾ ಇರುವುದನ್ನು ಅರಿವಳಿಕೆ ವೈದ್ಯರಿಗೆ ಮುಚ್ಚಿಡಬೇಡಿ.

ಹಂತ 2: ಮೊದಲ ವಾರದ ರಾತ್ರಿಗಳು

ಒಳಗೆ ಊತವಿರುತ್ತದೆ. ಕೆಲವರಿಗೆ ಒಂದೆರಡು ದಿನ ಪ್ಯಾಕ್ (ರಕ್ತ ನಿಲ್ಲಲು ಮೂಗಿನೊಳಗೆ ತುಂಬುವ ಪಟ್ಟಿ), ಕೆಲವರಿಗೆ ವಾರದವರೆಗೆ ಸ್ಪ್ಲಿಂಟ್ (ಒಳಗೆ ಆಧಾರವಾಗಿ ಇಡುವ ತೆಳು ತಗಡು) ಇರುತ್ತದೆ. ನಿದ್ದೆ ಕೆಡುತ್ತದೆ, ಕೆಡುವುದು ಸಹಜ. ತಲೆ ಎತ್ತರಿಸಿ ಮಲಗಿ. ತಲೆಯ ಕೆಳಗಷ್ಟೇ ಎರಡು ದಿಂಬು ತುರುಕಿದರೆ ಕತ್ತು ಮುಂದಕ್ಕೆ ಬಾಗಿ ಗಂಟಲು ಇನ್ನಷ್ಟು ಇಕ್ಕಟ್ಟಾಗುತ್ತದೆ. ಬೆನ್ನಿನ ಮೇಲ್ಭಾಗದಿಂದಲೇ ಇಳಿಜಾರು ಇರಲಿ. ಸೀನು ಬಂದರೆ ಬಾಯಿ ತೆರೆದು ಸೀನಿ, ಮೂಗು ಸೀಟಬೇಡಿ, ಬಿಂದಿಗೆ ಎತ್ತಬೇಡಿ. ನೋವಿಗೆಂದು ಅಂಗಡಿಯಿಂದ ಆಸ್ಪಿರಿನ್ ತಂದು ನುಂಗಬೇಡಿ, ರಕ್ತಸ್ರಾವ ಹೆಚ್ಚುತ್ತದೆ. ಪ್ರಾಣಾಯಾಮ ಬಿಟ್ಟಿರಲಾರದವರು ಈ ಊರಿನಲ್ಲಿ ಬಹಳ. ಕಪಾಲಭಾತಿ, ಭಸ್ತ್ರಿಕಾ ಎರಡನ್ನೂ ವೈದ್ಯರು ಒಪ್ಪುವವರೆಗೆ ನಿಲ್ಲಿಸಿ.

ಹಂತ 3: ಮೂಗು ತೊಳೆಯುವುದು

ಎಲ್ಲಕ್ಕಿಂತ ಹೆಚ್ಚು ಜನ ತಪ್ಪುವುದು ಇಲ್ಲಿ. ಗಾಯದ ಮೇಲೆ ರಕ್ತ, ಸಿಂಬಳ ಸೇರಿ ಹಕ್ಕಳೆ ಕಟ್ಟುತ್ತದೆ. ಅದನ್ನು ನೆನೆಸಿ ಇಳಿಸದಿದ್ದರೆ ತೆರೆದ ದಾರಿ ಮತ್ತೆ ಮುಚ್ಚಿಕೊಳ್ಳುತ್ತದೆ, ಕೆಲವೊಮ್ಮೆ ಒಳಗಿನ ಎರಡು ಬದಿಗಳು ಅಂಟಿಕೊಂಡೇಬಿಡುತ್ತವೆ. ಯಾವ ದಿನದಿಂದ ತೊಳೆಯಬೇಕೆಂದು ನಿಮ್ಮ ವೈದ್ಯರು ಹೇಳುತ್ತಾರೆ.

ಮೊದಲು ನೀರು. ನಲ್ಲಿಯಲ್ಲಿ ಬರುವುದು ಕಾವೇರಿಯ ನೀರೇ ಆದರೂ ಕುದಿಸದೆ ಮೂಗಿಗೆ ಬಿಡಬಾರದು. ಫಿಲ್ಟರ್ ನೀರು, ಕ್ಯಾನ್ ನೀರು ಕುಡಿಯಲು ಸರಿ, ಮೂಗಿಗೆ ಸಾಲದು. ಪಕ್ಕದ ಕೇರಳದಲ್ಲಿ 2024 ಮತ್ತು 2025ರಲ್ಲಿ ಜೀವ ತೆಗೆದ ಮಿದುಳಿನ ಅಮೀಬಾ ಸೋಂಕನ್ನು ನೆನಪಿಸಿಕೊಳ್ಳಿ. ಆ ಜೀವಿ ಮಿದುಳಿಗೆ ಏರುವ ದಾರಿ ಮೂಗೇ. ನೀರು ಮರಳಿ ಕುದಿಯಲು ಶುರುವಾದ ಮೇಲೆ ಐದು ನಿಮಿಷ ಬಿಡಿ, ಮುಚ್ಚಿ ಆರಿಸಿ.

ಕಾಲು ಲೀಟರ್ ನೀರಿಗೆ ಮಟ್ಟಸವಾದ ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಪುಡಿ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ. ಉಪ್ಪು ಕಡಿಮೆಯಾದರೆ ಮೂಗು ಉರಿಯುತ್ತದೆ, ಹೆಚ್ಚಾದರೂ ಉರಿಯುತ್ತದೆ, ಕಣ್ಣಂದಾಜು ಬೇಡ. ಮಣಿಕಟ್ಟಿನ ಒಳಬದಿಗೆ ಹನಿಸಿ ನೋಡಿ. ಬಿಸಿಯೂ ತಣ್ಣಗೂ ಅನ್ನಿಸದಿದ್ದರೆ ಹದ ಸರಿ.

ತೊಟ್ಟಿಯ ಮೇಲೆ ಬಾಗಿ, ಮುಖ ಕೆಳಗಿರಲಿ. ಬಾಯಿ ತೆರೆದು ಮೆಲ್ಲಗೆ ‘ಆ’ ಎನ್ನುತ್ತಿರಿ. ನೀರು ಗಂಟಲಿಗೆ, ಕಿವಿಗೆ ನುಗ್ಗುವುದಿಲ್ಲ. ಉಪ್ಪುನೀರು ತುಂಬಿದ, ಮೂಗು ತೊಳೆಯುವ ಬಾಟಲಿಯ ತುದಿಯನ್ನು ಹೊಳ್ಳೆಯ ಬಾಯಿಗಷ್ಟೇ ಇಟ್ಟು, ಆ ತುದಿಯನ್ನು ಅದೇ ಬದಿಯ ಕಿವಿಯ ಕಡೆಗೆ ತಿರುಗಿಸಿ. ಎರಡು ಹೊಳ್ಳೆಗಳ ನಡುವಿನ, ಆಪರೇಷನ್‌ನಲ್ಲಿ ನೇರ ಮಾಡಿದ ನಡುಗೋಡೆಯ ಕಡೆಗೆ ಎಂದಿಗೂ ಬೇಡ, ಹೊಲಿಗೆ ಇರುವುದು ಅಲ್ಲೇ. ಮೆತ್ತಗೆ ಒತ್ತಿ. ಮೊದಲು ಕಂದು ಬಣ್ಣದ ನೀರು, ನಡುವೆ ತೆಳ್ಳನೆಯ ಸಿಪ್ಪೆಯಂತೆ ಹಕ್ಕಳೆಯ ಚೂರು ಬಂದರೆ ಹೆದರಬೇಡಿ; ಬರಬೇಕಾದದ್ದೇ ಅದು. ಬರದಿದ್ದುದನ್ನು ಬೆರಳಿನಿಂದ ಕೀಳಬೇಡಿ. ಆಮೇಲೆ ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ ನೀರು ಇಳಿಯಲು ಬಿಡಿ. ರಾತ್ರಿಯ ಸರದಿಯನ್ನು ಮಲಗುವುದಕ್ಕೆ ಒಂದು ಗಂಟೆ ಮೊದಲೇ ಮುಗಿಸಿ. ಹಾಸಿಗೆಗೆ ಹೋಗುವ ಮುನ್ನವೇ ತೊಳೆದರೆ ಉಳಿದ ನೀರು ಗಂಟಲಿಗೆ ಜಿನುಗಿ ಕೆಮ್ಮಿಸುತ್ತದೆ. ಸ್ಪ್ರೇ ಬರೆದುಕೊಟ್ಟಿದ್ದರೆ ತೊಳೆದ ಮೇಲೆ ಹೊಡೆಯಿರಿ, ಮೊದಲಲ್ಲ.

ಜಲನೇತಿ ರೂಢಿ ಇದ್ದವರು ತಾಮ್ರದ ಗಿಂಡಿ ಹಿಡಿದು ಬರುತ್ತಾರೆ. ಗಾಯ ಮಾಯುವವರೆಗೆ ನನ್ನ ಆಯ್ಕೆ ಒತ್ತುವ ಪ್ಲಾಸ್ಟಿಕ್ ಬಾಟಲಿಯೇ. ಒಳಗಿನ ಕೊಳೆ ಕಾಣುತ್ತದೆ, ಒತ್ತಡ ಕೈಯಲ್ಲಿರುತ್ತದೆ. ದಿನವೂ ಸೋಪು ಹಾಕಿ ತೊಳೆದು, ಬೋರಲು ಹಾಕಿ ಒಣಗಿಸಿ.

ಸುಲಭದ ದಾರಿ ಹುಡುಕುವವರಿಗೆ ಎರಡು ಮಾತು. ತಕ್ಷಣ ಮೂಗು ಬಿಡಿಸುವ ಜೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್ ಹನಿಗಳನ್ನು ನಾಲ್ಕೈದು ದಿನ ಮೀರಿ ಹಾಕಿಕೊಂಡರೆ ಅವೇ ಮೂಗು ಕಟ್ಟಿಸುತ್ತವೆ. ತಿಂಗಳುಗಟ್ಟಲೆ ಅದೇ ಹನಿಗೆ ಜೋತುಬಿದ್ದವರು ನಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ. ಮೆಂಥಾಲ್ ಮುಲಾಮು ತಂಪಿನ ಅನುಭವ ಕೊಡುತ್ತದೆಯೇ ಹೊರತು ದಾರಿಯನ್ನು ಅಗಲಿಸುವುದಿಲ್ಲ. ಹಸಿ ಗಾಯದ ಮೂಗಿನೊಳಗೆ ಅದನ್ನು ಸವರುವುದಂತೂ ಕೂಡದು.

ಹಂತ 4: ದೂಳು, ಹೊಗೆ

ನಡುಗೋಡೆ ನೇರವಾದರೆ ಅಲರ್ಜಿ ಹೋಗುವುದಿಲ್ಲ. ಮಂಡ್ಯ ಕಡೆಯವರು ಅಕ್ಕಿ ಗಿರಣಿಯ ತೌಡಿನ ದೂಳು, ಆಲೆಮನೆಯ ಹೊಗೆ, ಕಬ್ಬಿನ ತರಗು ಸುಡುವ ಗದ್ದೆಯಿಂದ ಕೆಲವು ವಾರವಾದರೂ ದೂರವಿರಬೇಕು. ದಿಂಬಿನ ಕವರು, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ.

ಹಂತ 5: ಮೂರು ತಿಂಗಳಿಗೆ ಲೆಕ್ಕ ಹಾಕಿ

ಹದಿನೈದು ದಿನಕ್ಕೇ ತೀರ್ಪು ಕೊಡಬೇಡಿ. ಊತ ಇಳಿಯಲು ವಾರಗಳೇ ಬೇಕು. ನಿಜವಾದ ಫಲ ತಿಳಿಯುವುದು ಸುಮಾರು ಮೂರು ತಿಂಗಳಿಗೆ. ಆಪರೇಷನ್‌ಗೆ ಮೊದಲೇ ಎಪ್‌ವರ್ತ್ ಪಟ್ಟಿ ತುಂಬಿಸಿಟ್ಟುಕೊಳ್ಳಿ. ಆಸ್ಟ್ರೇಲಿಯಾದ ವೈದ್ಯ ಮರ್ರೆ ಜಾನ್ಸ್ 1991ರಲ್ಲಿ ಪ್ರಕಟಿಸಿದ ಪಟ್ಟಿ ಇದು. ಓದುವಾಗ, ಟಿವಿ ನೋಡುವಾಗ, ಊಟವಾದ ಮೇಲೆ ಸುಮ್ಮನೆ ಕುಳಿತಾಗ, ಹೀಗೆ ಎಂಟು ಸಂದರ್ಭಗಳಲ್ಲಿ ಎಷ್ಟು ತೂಕಡಿಸುತ್ತೀರಿ ಎಂದು 0ರಿಂದ 3ರವರೆಗೆ ಅಂಕ ಕೊಡಬೇಕು. ಒಟ್ಟು 24ರಲ್ಲಿ 10 ದಾಟಿದರೆ ತೂಕಡಿಕೆ ಅತಿಯಾಗಿದೆ ಎಂದರ್ಥ. ಮೂರು ತಿಂಗಳ ನಂತರ ಅದನ್ನೇ ಮತ್ತೆ ತುಂಬಿ, ಎರಡನ್ನೂ ವೈದ್ಯರ ಮುಂದಿಡಿ.

ಮೂಗು ಸಲೀಸಾಗಿದ್ದೂ ಅಂಕ ಇಳಿಯದಿದ್ದರೆ ಮತ್ತೆ ನಿದ್ದೆಯ ಪರೀಕ್ಷೆ ಮಾಡಿಸಿ. ಆಪ್ನಿಯಾಗೆ ಸಿಪ್ಯಾಪ್ ಯಂತ್ರ (ಮಾಸ್ಕ್ ಮೂಲಕ ಒತ್ತಡದ ಗಾಳಿ ಊದಿ ಗಂಟಲನ್ನು ತೆರೆದಿಡುವ ಯಂತ್ರ) ಬೇಕಾಗಿಬಂದರೆ ಆಪರೇಷನ್ ವ್ಯರ್ಥವಾಯಿತೆಂದು ಕೊರಗಬೇಡಿ. ತೆರೆದ ಮೂಗಿಗೆ ಸಾಮಾನ್ಯವಾಗಿ ಕಡಿಮೆ ಒತ್ತಡ ಸಾಕಾಗುತ್ತದೆ, ಮೊದಲು ಮಾಸ್ಕ್ ಕಿತ್ತೆಸೆಯುತ್ತಿದ್ದವರೂ ರಾತ್ರಿಯಿಡೀ ಹಾಕಿಕೊಂಡು ಮಲಗಬಲ್ಲರು. ಯಂತ್ರ ಮೊದಲಿನಿಂದಲೂ ಇದ್ದವರು ಹಳೆಯ ಒತ್ತಡದಲ್ಲೇ ಬಳಸುತ್ತಾ ಹೋಗದೆ, ಅದನ್ನು ಹೊಸದಾಗಿ ಹೊಂದಿಸಿಕೊಡುವಂತೆ ವೈದ್ಯರನ್ನು ಕೇಳಿ.